ರಾಹೇಲಮ್ಮನ ಪಾತ್ರೆಯ ಮುಚ್ಚಳ

ಕ್ರಿಸ್‌ಮಸ್ಸಿಗೆ ಮುಂಚೆ ಮನೆಗೆ ಬಣ್ಣ ಹೊಡೆಸುವುದು ನಮ್ಮವರಲ್ಲಿ ಒಂದು ಬಗೆಯ ಪಶ್ಚಾತ್ತಾಪ. ವರ್ಷವಿಡೀ ಗೋಡೆಗೆ ಕೈ ಒರೆಸಿದವರೇ ಡಿಸೆಂಬರ್ ಬಂದ ಕೂಡಲೇ ಪೇಂಟರನ್ನು ಹುಡುಕಿಕೊಂಡು ಓಡುತ್ತಾರೆ. ಜೆ.ಪಿ. ನಗರದ ನಮ್ಮ ಮನೆಗೂ ಒಬ್ಬ ಪೇಂಟರ್ ಬಂದ. ಬಂದವನು ಗೋಡೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ತಲೆಯೆತ್ತಿ ಅಟ್ಟವನ್ನು ನೋಡಿ, "ಮೇಡಂ, ಫಸ್ಟು ಅದನ್ನ ಖಾಲಿ ಮಾಡ್ಕೊಡಿ" ಎಂದ.

ಅಟ್ಟದಲ್ಲಿದ್ದದ್ದು ಬಹುಪಾಲು ಅಮ್ಮನ ಸಾಮಾನು. ಅಮ್ಮ ತೀರಿಕೊಂಡ ಮೇಲೆ ಬನಶಂಕರಿಯ ಮನೆ ಖಾಲಿ ಮಾಡಿದಾಗ ಯಾವುದನ್ನೂ ಬಿಸಾಡುವ ಧೈರ್ಯವಿಲ್ಲದೆ ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ತಂದಿದ್ದೆ. ಹಿಡಿ ಹೋದ ಸೌಟು, ತಳ ಸವೆದ ಇಡ್ಲಿ ಪಾತ್ರೆ, ಯಾವ ಬಾಟಲಿಗೂ ಕೂರದ ಬಿರಡೆಗಳು. ಅವುಗಳ ನಡುವೆ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ ಒಂದು ಸ್ಟೀಲ್ ಮುಚ್ಚಳ. ಬೆಳ್ಳಿ ಚಮಚವನ್ನು ಕೂಡ ಅಮ್ಮ ಅಷ್ಟು ಜೋಪಾನ ಮಾಡಿದವಳಲ್ಲ.

"ಇದ್ರ ಪಾತ್ರೆ ಎಲ್ಲೇ?" ಎಂದು ನನ್ನ ಗಂಡ ಕೇಳಿದ.

"ಪಾತ್ರೆ ನಮ್ಮದಲ್ಲ."

"ಪಾತ್ರೆ ನಮ್ಮದಲ್ಲ, ಮುಚ್ಚಳ ನಮ್ಮದಾ? ಗುಜರಿಗೆ ಹಾಕು, ಆಚೆ ಹೋಗ್ಲಿ."

ಮುಚ್ಚಳವೂ ನಮ್ಮದಲ್ಲ. ಅದರ ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ 'ರಾಹೇಲಮ್ಮ' ಎಂದು ಕೆತ್ತಿದೆ. ಗುಜರಿಗೆ ಹಾಕದೆ ಅದನ್ನು ಹಿಡಿದುಕೊಂಡು ಕೂತೆ. ಕೂತರೆ ನನಗೆ ಬರುವುದು ನೆನಪು, ನೆನಪಿನ ಹಿಂದೆಯೇ ಕೋಪ. ವಯಸ್ಸಾದ ಮೇಲೆ ಕೋಪ ಕಡಿಮೆಯಾಗುತ್ತದೆ ಎಂದು ಹೇಳಿದವರು ನಮ್ಮ ಮನೆತನದವರಲ್ಲ.

ಪಾತ್ರೆಗೆ ಹೆಸರು ಹಾಕಿಸುವುದನ್ನು ಈಗಿನವರು ನೋಡಿದ್ದಾರೋ ಇಲ್ಲವೋ. ಆಗ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಪಾತ್ರೆ ಕೊಂಡರೆ ಅಂಗಡಿಯವನು ಪೆನ್ನಿನಂಥ ಒಂದು ಯಂತ್ರ ಹಿಡಿದು, ಹಲ್ಲು ಜುಮ್ಮೆನ್ನುವ ಹಾಗೆ ಕಿರ್ರೆನ್ನಿಸುತ್ತ ಹೆಸರು ಕೆತ್ತಿಕೊಡುತ್ತಿದ್ದ. "ಏನ್ ಹೆಸರು ಹಾಕ್ಲಿ ಅಕ್ಕಾ?" ಎಂದು ಅವನು ಕೇಳಿದಾಗ ಅಮ್ಮನ ಬೆನ್ನು ನೆಟ್ಟಗಾಗುತ್ತಿತ್ತು. ಮನೆ ಅಪ್ಪನ ಹೆಸರಿನಲ್ಲಿ, ಗ್ಯಾಸು ಅಪ್ಪನ ಹೆಸರಿನಲ್ಲಿ, ಮಕ್ಕಳ ಇನಿಷಿಯಲ್ಲೂ ಅಪ್ಪನದೇ. ಅಮ್ಮನ ಹೆಸರಿನಲ್ಲಿ ಈ ಲೋಕದಲ್ಲಿ ಇದ್ದ ಆಸ್ತಿಯೆಂದರೆ ಸ್ಟೀಲ್ ಪಾತ್ರೆಗಳು. ಸಾಸಿವೆ ಡಬ್ಬಿಗೂ ಬಿಡದೆ 'ಸುಗುಣ' ಎಂದು ಹಾಕಿಸಿದ್ದಳು.

ಹೆಸರಿದ್ದ ಇನ್ನೊಂದು ಪಾತ್ರೆ ನಮ್ಮ ಮನೆಯ ಷೋಕೇಸಿನಲ್ಲಿತ್ತು. ಅದು ನನ್ನ ಮುತ್ತಜ್ಜನ ಹಿತ್ತಾಳೆ ಚೊಂಬು. ಕ್ರೈಸ್ತನಾಗುವುದಕ್ಕೆ ಮುಂಚಿನ ಅವನ ಹೆಸರು, ಆ ಹೆಸರಿನ ಬಾಲದಲ್ಲಿ ಅವನ ಜಾತಿ, ಎರಡೂ ಚೊಂಬಿನ ಕಂಠದ ಸುತ್ತ ಇದ್ದವು. ಅಪ್ಪ ಅದನ್ನು ಹುಣಸೆಹಣ್ಣು ಹಾಕಿ ತಾನೇ ಬೆಳಗುತ್ತಿದ್ದ. ಮೇಲೆ ಗೋಡೆಗೆ ಬೈಬಲ್ ವಾಕ್ಯದ ಕ್ಯಾಲೆಂಡರು, ಕೆಳಗೆ ಗಾಜಿನೊಳಗೆ ಚೊಂಬು. ಮನೆಗೆ ಬಂದ ಚರ್ಚಿನ ಸಭೆಯವರು ಕ್ಯಾಲೆಂಡರನ್ನು ನೋಡದೆ ಹೋಗಬಹುದಿತ್ತು, ಚೊಂಬನ್ನು ನೋಡದೆ ಹೋಗಲು ಅಪ್ಪ ಬಿಡುತ್ತಿರಲಿಲ್ಲ. ಮುತ್ತಜ್ಜ ಹಳೆಯ ದೇವರನ್ನು ಬಿಟ್ಟ, ಊರು ಬಿಟ್ಟ, ಅಣ್ಣತಮ್ಮಂದಿರನ್ನು ಬಿಟ್ಟ, ಚೊಂಬನ್ನು ಮಾತ್ರ ಕಂಕುಳಲ್ಲಿಟ್ಟುಕೊಂಡು ಬಂದ.

ಅಪ್ಪ ಕೆಟ್ಟವನಾಗಿದ್ದರೆ ಇದನ್ನೆಲ್ಲ ಬರೆಯುವುದು ನನಗೆ ಸುಲಭವಾಗುತ್ತಿತ್ತು. ಅವನು ಕೆಟ್ಟವನಲ್ಲ. ಸರ್ಕಾರಿ ಕಚೇರಿಯ ಉಗ್ರಾಣದಲ್ಲಿ ಕೆಲಸ ಮಾಡಿಯೂ ಕಂಟ್ರಾಕ್ಟರು ದೀಪಾವಳಿಗೆ ಕೊಟ್ಟ ಮಿಠಾಯಿ ಪೊಟ್ಟಣವನ್ನು ವಾಪಸ್ ಕಳಿಸಿದವನು. ನಾವು ಮಕ್ಕಳು ಆ ಪೊಟ್ಟಣ ಗೇಟು ದಾಟಿ ಹೋಗುವುದನ್ನು ಕಿಟಕಿಯಿಂದ ನೋಡಿ ಮರುಗಿದ್ದೆವು. ಬಸ್ಸಿನಲ್ಲಿ ಹೆಂಗಸರು ನಿಂತಿದ್ದರೆ ಅಪ್ಪ ಕೂರುತ್ತಿರಲಿಲ್ಲ. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಕಾಫಿ ಬಿಡುತ್ತಿದ್ದ. ಕಾಫಿ ಬಿಟ್ಟ ಅಪ್ಪನ ಜೊತೆ ಬದುಕುವುದು ನಮ್ಮ ಪಾಲಿನ ಉಪವಾಸವಾಗಿತ್ತು. ಬೆಳಗ್ಗೆ ಹಾಲಿನವನು ಬರುವ ಮೊದಲೇ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದ. ಆ ಪ್ರಾರ್ಥನೆಯಲ್ಲಿ ನಾಟಕವಿರಲಿಲ್ಲ. ಕಣ್ಣೀರು ಬರುತ್ತಿತ್ತು, ನಿಜವಾದ ಕಣ್ಣೀರು. ನಾನೂ ಆಗ ದೊಡ್ಡ ಭಕ್ತೆ. ವಾಕ್ಯ ಕಂಠಪಾಠದ ಸ್ಪರ್ಧೆಯಲ್ಲಿ ಪ್ಲಾಸ್ಟಿಕ್ ಸೋಪ್ ಡಬ್ಬಿ ಗೆದ್ದು, ಪರಲೋಕದಲ್ಲಿ ನನಗೊಂದು ಕುರ್ಚಿ ಖಾಯಂ ಆಯಿತೆಂದು ನಂಬಿದ್ದೆ.

ನಮ್ಮ ಸಭೆ ಸೇರುತ್ತಿದ್ದದ್ದು ತಿಲಕ್ ನಗರದ ಅಂಚಿನ ಒಂದು ಚಿಕ್ಕ ಕಟ್ಟಡದಲ್ಲಿ. ಬನಶಂಕರಿ, ಚಿಕ್ಕಲಸಂದ್ರ, ಬಿಟಿಎಂ ಕಡೆಯಿಂದೆಲ್ಲ ಕನ್ನಡದ ಕ್ರೈಸ್ತರು ಬಸ್ಸು ಬದಲಾಯಿಸಿಕೊಂಡು ಬರುತ್ತಿದ್ದರು. ಅಪ್ಪ ಅದರ ಕಾರ್ಯದರ್ಶಿ. ವರ್ಷದಲ್ಲಿ ಕೆಲವು ಭಾನುವಾರ, ಈಸ್ಟರಿಗೆ, ಸುಗ್ಗಿ ಹಬ್ಬಕ್ಕೆ, ಕ್ರಿಸ್‌ಮಸ್ಸಿನ ಹಿಂದಿನ ವಾರಕ್ಕೆ, ಅಲ್ಲಿ ಪ್ರೀತಿ ಭೋಜನ ನಡೆಯುತ್ತಿತ್ತು. ಪ್ರೀತಿ ಭೋಜನವೆಂದರೆ ಇಷ್ಟೇ: ಪ್ರತಿ ಮನೆಯವರೂ ಒಂದು ಪಾತ್ರೆಯಲ್ಲಿ ಏನಾದರೂ ಮಾಡಿಕೊಂಡು ಬರಬೇಕು, ಎಲ್ಲವನ್ನೂ ಉದ್ದದ ಮೇಜಿನ ಮೇಲೆ ಸಾಲಾಗಿ ಇಡಬೇಕು, ಎಲ್ಲರೂ ಎಲ್ಲರದನ್ನೂ ಉಣ್ಣಬೇಕು. ಪಾತ್ರೆಗಳ ಮೇಲೆ ಹೆಸರು ಬೇಕಾಗುತ್ತಿದ್ದದ್ದು ಅದಕ್ಕೇ. ಊಟಕ್ಕೆ ಮುಂಚೆ ಅಪ್ಪ ನಿಂತು, ಈ ಮೇಜಿನ ಮುಂದೆ ದೊಡ್ಡವನಿಲ್ಲ, ಚಿಕ್ಕವನಿಲ್ಲ, ನಾವೆಲ್ಲ ಒಂದೇ ಮನೆಯವರು ಎಂದು ಬೋಂಡ ಮೆತ್ತಗಾಗುವವರೆಗೆ ಪ್ರಾರ್ಥಿಸುತ್ತಿದ್ದ. ಆಮೆನ್ ಅಂದ ಮೇಲೆ ಯಾರ ಪಾತ್ರೆ ಮೊದಲು ಖಾಲಿಯಾಯಿತು ಎಂಬ ವಿಷಯ ಮುಂದಿನ ಪ್ರೀತಿ ಭೋಜನದವರೆಗೂ ಹೆಂಗಸರ ಪ್ರೀತಿಗೆ ಅಡ್ಡ ಬರುತ್ತಿತ್ತು. ಸಾಮಾನ್ಯವಾಗಿ ಗೆಲ್ಲುತ್ತಿದ್ದದ್ದು ಜೀವರತ್ನಮ್ಮನ ಪುಳಿಯೋಗರೆ. ಜೀವರತ್ನಮ್ಮ ಸಭೆಯ ಹಿರಿಯ ಹೆಂಗಸು. ಅಮ್ಮನ ಕಡಲೆಬೇಳೆ ಪಾಯಸ ಯಾವಾಗಲೂ ಎರಡನೆಯದು, ಆ ನೋವು ಅವಳಿಗೆ ಕೊನೆಯವರೆಗೂ ಇತ್ತು.

ಈ ಸಭೆಗೆ ತೊಂಬತ್ತರ ದಶಕದ ನಡುವೆ ಎಂದೋ ರಾಹೇಲಮ್ಮ ಬಂದರು. ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಇಟ್ಟಮಡುವಿನಲ್ಲಿ ಬಾಡಿಗೆ ಮನೆ, ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಭಾನುವಾರ ಅವರೂ ನಾವೂ ಒಂದೇ ಬಸ್ಸಿಗೆ ಹತ್ತುತ್ತಿದ್ದೆವು. ಅಮ್ಮನೂ ಅವರೂ ಒಂದೇ ಸೀಟಿನಲ್ಲಿ ಕೂತು, ಸಭೆ ಬರುವವರೆಗೆ ಬಾಯಿ ಮುಚ್ಚದೆ ಮಾತಾಡುತ್ತಿದ್ದರು. ಆ ವರ್ಷ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಹಾಸಿಗೆ ಹಿಡಿದು ಬೆನ್ನು ಹುಣ್ಣಾಗಿತ್ತು. ರಾಹೇಲಮ್ಮ ಡ್ಯೂಟಿ ಮುಗಿಸಿಕೊಂಡು ಇಟ್ಟಮಡುವಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದು ಹುಣ್ಣು ತೊಳೆದು, ಔಷಧಿ ಹಚ್ಚಿ, ಮಾತ್ರೆ ನುಂಗಿಸಿ ಹೋಗುತ್ತಿದ್ದರು. ಮನೆಯವರು ಯಾರೇ ಕೊಟ್ಟರೂ ಉಗಿಯುತ್ತಿದ್ದ ಅಜ್ಜಿ ಅವರು ಕೊಟ್ಟರೆ ಮಾತ್ರ ನುಂಗುತ್ತಿದ್ದಳು. "ನಿನ್ನ ಕೈಗುಣ ಚೆನ್ನಾಗಿದೆ ಕಣಮ್ಮಾ" ಎನ್ನುತ್ತಿದ್ದಳು. ಅಮ್ಮ ಅವರಿಗೆ ಕಾಫಿ ಕೊಡುತ್ತಿದ್ದದ್ದು ಗಾಜಿನ ಲೋಟದಲ್ಲಿ. ನಾವೆಲ್ಲ ಸ್ಟೀಲ್ ಲೋಟದಲ್ಲಿ ಕುಡಿಯುವಾಗ ಅವರಿಗೆ ಮಾತ್ರ ಗಾಜಿನದು ಸಿಗುವುದನ್ನು ನೋಡಿ, ಇದು ಅತಿಥಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದೆ. ಕಂಠಪಾಠದಲ್ಲಿ ಬಹುಮಾನ ಗೆಲ್ಲುವವರ ಬುದ್ಧಿ ಅಷ್ಟೇ ಇರುತ್ತದೆ.

ಅವರು ಸಭೆಗೆ ಬಂದ ಹೊಸದರಲ್ಲಿ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಜೀವರತ್ನಮ್ಮ ರಾಹೇಲಮ್ಮನನ್ನು ನಿಲ್ಲಿಸಿಕೊಂಡರು.

"ನಿಮ್ಮದು ಯಾವೂರಮ್ಮಾ?"

"ಕೊಳ್ಳೇಗಾಲದ ಹತ್ರ ಒಂದು ಹಳ್ಳಿ ಆಂಟಿ."

"ಊರೊಳಗೇನಾ ಮನೆ?"

ರಾಹೇಲಮ್ಮ ಒಂದು ಕ್ಷಣ ಅವರ ಮುಖ ನೋಡಿದರು. "ಇಲ್ಲ ಆಂಟಿ. ಸ್ವಲ್ಪ ಆಚೆ" ಎಂದರು.

ನಮ್ಮ ಹಳ್ಳಿಗಳಲ್ಲಿ ಊರಾಚೆ ಯಾರ ಕೇರಿ ಇರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಜೀವರತ್ನಮ್ಮನಿಗೂ ಬೇಕಾಗಿರಲಿಲ್ಲ. ಮುಂದಿನ ವಾರಕ್ಕೆ ಎಲ್ಲರಿಗೂ ಗೊತ್ತಿತ್ತು. ಯಾರೂ ಒಂದು ಮಾತೂ ಆಡಲಿಲ್ಲ. ನಮ್ಮವರು ಸುಸಂಸ್ಕೃತರು.

ಆ ಸುಗ್ಗಿ ಹಬ್ಬಕ್ಕೆ ರಾಹೇಲಮ್ಮ ಬಿರಿಯಾನಿ ಮಾಡಿಕೊಂಡು ಬಂದರು. ಹೊಸ ಪಾತ್ರೆ, ಹೊಸ ಮುಚ್ಚಳ, ಎರಡರ ಮೇಲೂ ಹೊಸದಾಗಿ ಕೆತ್ತಿಸಿದ ಹೆಸರು. ಮುಚ್ಚಳ ತೆಗೆದಾಗ ಎದ್ದ ಘಮಕ್ಕೆ ಹಾಡುತ್ತಿದ್ದ ಕ್ವಾಯರಿನ ಶ್ರುತಿಯೇ ಜಾರಿತು. ಆದರೆ ಸಾಲಿನಲ್ಲಿ ಬಂದವರ ತಟ್ಟೆಗಳು ಆ ಪಾತ್ರೆಯ ಹತ್ತಿರ ಬಂದಾಗ ಸರಕ್ಕನೆ ಮುಂದಕ್ಕೆ ಹೋದವು. "ಯಾವ ಮಾಂಸಾನೋ ಏನೋ" ಎಂದು ಜೀವರತ್ನಮ್ಮ ಅಮ್ಮನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ನಾವು ಒಂದಿಬ್ಬರು ಹುಡುಗಿಯರು ಹಾಕಿಸಿಕೊಂಡು ತಿಂದೆವು. ಅದೇನೂ ಕ್ರಾಂತಿಯಲ್ಲ, ಅದು ಬಿರಿಯಾನಿ. ಮನೆಗೆ ಬಂದ ಮೇಲೆ ಅಮ್ಮ, "ಹೊಟ್ಟೆ ಸರಿಯಾಗಿದ್ಯಾ?" ಎಂದು ಕೇಳಿದಳು. ಉಳಿದದ್ದೆಲ್ಲ ಪಾತ್ರೆಯಲ್ಲಿ ಹಾಗೇ ಇತ್ತು, ಇಟ್ಟಮಡುವಿಗೆ ಹಾಗೇ ವಾಪಸ್ ಹೋಯಿತು.

ಮುಂದಿನ ಸಲ ಅವರು ಮಾಂಸ ಬಿಟ್ಟು ತರಕಾರಿ ಪಲಾವ್ ತಂದರು. ಖಾರ ಜಾಸ್ತಿ ಇರಬೇಕು ಎಂದರು ಯಾರೋ, ರುಚಿ ನೋಡದೆಯೇ. ಅದರ ಮುಂದಿನ ಸಲ ಮೊಸರನ್ನ ತಂದರು, ಮೇಲೆ ದಾಳಿಂಬೆ ಕಾಳು, ಕೊತ್ತಂಬರಿ. ಹುಳಿ ಬಂದಿರುತ್ತದೆ ಎಂದರು. ಆಮೇಲೆ ಒಂದು ಈಸ್ಟರಿಗೆ ರಾಹೇಲಮ್ಮ ಪಾತ್ರೆ ತರಲಿಲ್ಲ. ಒಂದು ಬ್ಯಾಗಿನಲ್ಲಿ ಬಾಳೆಹಣ್ಣು ತಂದು ಮೇಜಿನ ಮೇಲೆ ಇಟ್ಟರು. ಆಹಾ, ಅವತ್ತು ನೋಡಬೇಕಿತ್ತು! ಎಲ್ಲರೂ ಒಂದೊಂದು ತೆಗೆದುಕೊಂಡರು. ಜೀವರತ್ನಮ್ಮ ಮನೆಗೂ ಒಂದು ಸೆರಗಿನಲ್ಲಿ ಕಟ್ಟಿಕೊಂಡರು. ಅಪ್ಪ ಹಣ್ಣು ಸುಲಿಯುತ್ತ, "ಒಳ್ಳೆ ಏಲಕ್ಕಿ ಬಾಳೆ ಸಿಸ್ಟರ್, ದೇವರಿಗೆ ಸ್ತೋತ್ರ" ಎಂದು ಮನಸಾರೆ ಹೊಗಳಿದ. ಸಿಪ್ಪೆಯೊಳಗಿನದಕ್ಕೆ ಯಾರ ಕೈಯೂ ತಾಕಿರುವುದಿಲ್ಲವಲ್ಲ. ರಾಹೇಲಮ್ಮ ಎಲ್ಲರೂ ಸುಲಿಯುವುದನ್ನು ನೋಡುತ್ತ ನಿಂತಿದ್ದರು. ಅವರು ಪರೀಕ್ಷೆ ಮಾಡುತ್ತಿದ್ದರು ಎಂದು ನನಗೆ ಆಗ ಹೊಳೆಯಲಿಲ್ಲ, ಈಗ ಅನ್ನಿಸುತ್ತದೆ.

ಆ ಕಾಲದಲ್ಲೇ ಅಪ್ಪ ಹಿಂದುಗಡೆ ಫ್ಯಾನಿನ ಕೆಳಗಿನ ತನ್ನ ಬೆಂಚು ಬಿಟ್ಟು ಮೊದಲನೆಯ ಸಾಲಿಗೆ ಹೋಗಿದ್ದ. ಅಪ್ಪನಿಗೆ ಸೆಕೆ ತಡೆಯುವುದಿಲ್ಲ. ಫ್ಯಾನು ಬಿಟ್ಟನೆಂದರೆ ಅವನ ಭಕ್ತಿ ಬೆಳೆಯುತ್ತಿದೆ ಎಂದು ನಾನು ಹೆಮ್ಮೆಪಟ್ಟೆ. ನಮ್ಮ ಸಭೆಯಲ್ಲಿ ಪ್ರಭು ಭೋಜನದ ದಿನ ಎಲ್ಲರೂ ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುವ ಪದ್ಧತಿ. ಅಯ್ಯನವರು, ಅಂದರೆ ನಮ್ಮ ಪಾದ್ರಿ, ಬಟ್ಟಲನ್ನು ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ಕೊಡುತ್ತ, ನಡುವೆ ಒಂದು ಬಿಳಿ ಬಟ್ಟೆಯಿಂದ ಅಂಚು ಒರೆಸುತ್ತ ಬರುತ್ತಾರೆ. ಮುಂದಿನ ಸಾಲಿನವರಿಗೆ ಮೊದಲು, ಹಿಂದಿನವರಿಗೆ ಕೊನೆಗೆ. ಒಂದು ಭಾನುವಾರ ನಾನು, "ಅಲ್ಲಿ ಸೆಕೆ ಅಮ್ಮಾ, ಫ್ಯಾನಿನ ಹತ್ರಾನೇ ಕೂತ್ಕೊಳ್ಳೋಣ" ಎಂದು ಹಟ ಮಾಡಿದಾಗ ಅಮ್ಮ ರೇಗಿ ಬಾಯಿ ಬಿಟ್ಟಳು: "ಮುಂದೆ ಕೂತ್ರೆ ಬಟ್ಟಲು ಮೊದ್ಲು ಸಿಗತ್ತೆ ಕಣೇ. ಆ ರಾಹೇಲಮ್ಮ ಕುಡಿದ್ಮೇಲೆ ನಿಮ್ಮಪ್ಪ ಕುಡೀತಾರಾ?"

ಅವತ್ತು ಬಟ್ಟಲು ನನ್ನ ಹತ್ತಿರ ಬಂದಾಗ ನಾನು ರಾಹೇಲಮ್ಮ ಕೂತಿದ್ದ ಹಿಂದಿನ ಬೆಂಚಿನ ಕಡೆ ತಿರುಗಿ ನೋಡಿದೆ. ಅಪ್ಪ ನನ್ನ ಪಕ್ಕದಲ್ಲೇ ಮೊಣಕಾಲೂರಿ ಕಣ್ಣು ಮುಚ್ಚಿ ಅಳುತ್ತಿದ್ದ. ಎಂದಿನ ಹಾಗೆ ನಿಜವಾಗಿ ಅಳುತ್ತಿದ್ದ.

ಕ್ರಿಸ್‌ಮಸ್ಸಿನ ಹಿಂದಿನ ಭಾನುವಾರ ಬಂತು. ಪ್ರೀತಿ ಭೋಜನಕ್ಕೆ ಮುಂಚೆ ಸಾಕ್ಷಿ ಹೇಳುವ ಹೊತ್ತು. ದೇವರು ತಮಗೆ ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು. ಸಾಮಾನ್ಯವಾಗಿ ಎಲ್ಲರದೂ ಒಂದೇ ಸಾಕ್ಷಿ: ಮಗನಿಗೆ ಸೀಟು ಸಿಕ್ಕಿತು, ಮಂಡಿನೋವು ಹೋಯಿತು, ಸೈಟು ರಿಜಿಸ್ಟರಾಯಿತು. ಹಿಂದಿನ ಬೆಂಚಿನಿಂದ ರಾಹೇಲಮ್ಮ ಎದ್ದು ನಿಂತರು. ಎಂದೂ ಸಾಕ್ಷಿ ಹೇಳಿದವರಲ್ಲ. ತಲೆಯ ಮೇಲೆ ಸೆರಗು ಹೊದ್ದಿದ್ದರು, ಕೈ ಮುಂದಿನ ಬೆಂಚನ್ನು ಹಿಡಿದಿತ್ತು.

"ನನ್ನ ಸಾಕ್ಷಿ ಚಿಕ್ಕದು" ಎಂದರು. "ನಾನು ಇವತ್ತು ಚಿತ್ರಾನ್ನ ಮಾಡ್ಕೊಂಡು ಬಂದಿದ್ದೀನಿ. ಬೆಳಗ್ಗೆ ಸ್ನಾನ ಮಾಡಿ, ಪ್ರಾರ್ಥನೆ ಮಾಡಿ ಮಾಡಿದ್ದೀನಿ. ನಿಮ್ಮಲ್ಲಿ ಸುಮಾರು ಜನರ ಗಾಯ ತೊಳೆದಿದ್ದೀನಿ, ಯಾರಿಗೂ ಏನೂ ಆಗಿಲ್ಲ. ಚಿತ್ರಾನ್ನ ತಿಂದ್ರೂ ಏನೂ ಆಗಲ್ಲ. ಅಷ್ಟೇ."

ಕೂತುಬಿಟ್ಟರು. ಸಾಕ್ಷಿಯ ಕೊನೆಗೆ ಎಲ್ಲರೂ ಸ್ತೋತ್ರ ಎನ್ನುವುದು ರೂಢಿ. ಯಾರಿಗೂ ಬಾಯಿ ಬರಲಿಲ್ಲ. ಹೊಸದಾಗಿ ಬಂದಿದ್ದ ಎಳೆಯ ಅಯ್ಯನವರು ಅವಸರದಲ್ಲಿ ಒಂದು ಕೀರ್ತನೆ ಹಿಡಿದರು. ನಾವೆಲ್ಲ ಬದುಕಿದೆವೆಂದು ಅದಕ್ಕೆ ದನಿಗೂಡಿಸಿದೆವು.

ಮೇಜಿನ ಹತ್ತಿರ ಏನಾಯಿತು ಎಂದು ಹೇಳುವುದಕ್ಕೆ ಹೆಚ್ಚಿಲ್ಲ. ಚಿತ್ರಾನ್ನ ಹಳದಿಗೆ ಹೊಳೆಯುತ್ತಿತ್ತು, ಕಡಲೆಬೀಜ ಎದ್ದು ಕಾಣುತ್ತಿತ್ತು. ಅಯ್ಯನವರು ತಾವು ಉಪವಾಸವೆಂದು ಹೇಳಿ ಒಳಗೆ ಹೋದರು. ಅಪ್ಪ ಆ ಪಾತ್ರೆಯ ಮುಂದೆ ಬಂದು ನಿಂತ. ಇವತ್ತು ಹಾಕಿಸಿಕೊಳ್ಳುತ್ತಾನೆ ಎಂದು ನಾನು ಸಾಲಿನಿಂದ ಕತ್ತು ಚಾಚಿ ನೋಡಿದೆ. ಸೌಟಿಗೆ ಕೈ ಹಾಕಿದ, ಸೌಟನ್ನು ನೆಟ್ಟಗೆ ಇಟ್ಟ, ಪಕ್ಕದ ಪುಳಿಯೋಗರೆಗೆ ಹೋದ. ಅವನ ಹಿಂದೆ ಸಾಲೆಲ್ಲ ಹಾಗೇ ಹೋಯಿತು. ನಾನು ಹಾಕಿಸಿಕೊಳ್ಳಲು ತಟ್ಟೆ ಚಾಚುವಷ್ಟರಲ್ಲಿ ರಾಹೇಲಮ್ಮ ಪಾತ್ರೆ ಎತ್ತಿಕೊಂಡಿದ್ದರು. ಅದರ ಬಾಯಿಗೆ ಸೆರಗು ಮುಚ್ಚಿಕೊಂಡು ಗೇಟು ದಾಟಿ ಹೋದರು. ಮುಚ್ಚಳ ಮೇಜಿನ ಮೇಲೆ ಉಳಿಯಿತು.

ಅದನ್ನು ಅಮ್ಮ ಎಲ್ಲರೂ ನೋಡುತ್ತಿದ್ದಂತೆಯೇ ಚೀಲಕ್ಕೆ ಹಾಕಿಕೊಂಡಳು. "ಅಲ್ಲೇ ಬಿಟ್ಟು ಬರ್ಬಾರ್ದಾಗಿತ್ತಾ?" ಎಂದು ಅಪ್ಪ ಬಸ್ಸಿನಲ್ಲಿ ಗೊಣಗಿದ. "ಮುಂದಿನ್ ವಾರ ಕೊಡ್ತೀನಿ, ಬಿಡಿ" ಎಂದಳು ಅಮ್ಮ. ಮುಂದಿನ ವಾರ ರಾಹೇಲಮ್ಮ ಬಂದರು, ಎಂದಿನ ಹಾಗೆ ಹಿಂದಿನ ಬೆಂಚಿಗೆ. ಅಮ್ಮ ಕೊಡಲಿಲ್ಲ. ಕೊಡಬೇಕಾದರೆ ಏನಾದರೂ ಮಾತಾಡಬೇಕು, ಆ ಮಾತು ಅಮ್ಮನ ಹತ್ತಿರ ಇರಲಿಲ್ಲ. ವಾರಗಳು ಕಳೆದಂತೆ ಕೊಡುವುದು ಇನ್ನೂ ಕಷ್ಟವಾಯಿತು. ಅಡುಗೆಮನೆಯಲ್ಲಿ ಬಳಸುವಂತೆಯೂ ಇಲ್ಲ, ಬಿಸಾಡಲು ಮನಸ್ಸೂ ಇಲ್ಲ. ಕೊನೆಗೆ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಅಷ್ಟು ಹೊತ್ತಿಗೆ ಅಜ್ಜಿ ಹೋಗಿಯಾಗಿತ್ತು, ರಾಹೇಲಮ್ಮ ನಮ್ಮ ಮನೆಗೆ ಬರುವ ಕಾರಣವೂ ಉಳಿದಿರಲಿಲ್ಲ.

ನಾನು ಅಪ್ಪನನ್ನು ಕೇಳಿಯೇ ಬಿಟ್ಟೆ. ಅವನು ಚೊಂಬು ಬೆಳಗುತ್ತ ಕೂತಿದ್ದ.

"ನೀವು ಪ್ರಾರ್ಥನೇಲಿ ಹೇಳೋದನ್ನ ನಂಬ್ತೀರಾ ಅಪ್ಪಾ?"

"ಇದೇನ್ ಪ್ರಶ್ನೆ? ಪ್ರಾಣ ಹೋದ್ರೂ ನಂಬ್ತೀನಿ."

"ಹಾಗಾದ್ರೆ ಚಿತ್ರಾನ್ನ ಯಾಕೆ ತಿನ್ಲಿಲ್ಲ?"

ಅಪ್ಪ ಸಿಟ್ಟಾಗಲಿಲ್ಲ. ಹುಣಸೆಹಣ್ಣಿನ ಕೈಯನ್ನು ಒರೆಸಿಕೊಂಡ. "ಆಕೆ ಮೇಲೆ ನಂಗೇನೂ ಇಲ್ಲ ಕೃಪಾ. ದೇವರ ಮುಂದೆ ಆಕೆ ನನಗಿಂತ ದೊಡ್ಡವಳೇ ಇರಬಹುದು. ಮನಸ್ಸು ಒಪ್ಪತ್ತೆ. ಹೊಟ್ಟೆ ಒಪ್ಪಲ್ಲ. ನಾನೇನ್ ಮಾಡ್ಲಿ?" ಎಂದ. ಅವನ ಪಾಲಿಗೆ ಅಲ್ಲಿಗೆ ವಿಷಯ ಮುಗಿಯಿತು. ಮತ್ತೆ ಚೊಂಬಿನ ಕಂಠ ಉಜ್ಜತೊಡಗಿದ. ಅವನು ಸುಳ್ಳು ಹೇಳಿದ್ದರೆ ನಾನು ಅವನನ್ನು ಕ್ಷಮಿಸುತ್ತಿದ್ದೆನೇನೋ. ಇಷ್ಟು ಪ್ರಾಮಾಣಿಕನಾದ ಮನುಷ್ಯನನ್ನು ಹೇಗೆ ಕ್ಷಮಿಸುವುದು?

ಸಭೆ ಇದಕ್ಕೊಂದು ಪರಿಹಾರ ಕಂಡುಹಿಡಿಯಿತು. ಕಮಿಟಿ ಸೇರಿದಾಗ, ಪ್ರೀತಿ ಭೋಜನಕ್ಕೆ ಅಡುಗೆ ಮಾಡಿ ನಮ್ಮ ಸಹೋದರಿಯರು ಬಹಳ ದಣಿಯುತ್ತಿದ್ದಾರೆ ಎಂದು ಅಪ್ಪ ಮರುಗಿದ. ಅದುವರೆಗೆ ಯಾವ ಸಹೋದರಿಯ ದಣಿವೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇನ್ನು ಮುಂದೆ ಯಾರೂ ಮನೆಯಿಂದ ಏನೂ ತರುವುದು ಬೇಡ, ಅಡುಗೆಯವರನ್ನು ಕರೆಸೋಣ ಎಂದು ತೀರ್ಮಾನವಾಯಿತು. ಬಸವನಗುಡಿಯಿಂದ ಒಬ್ಬ ಭಟ್ಟರು ಬಂದರು. ಜನಿವಾರ, ಪಂಚೆ, ಹೆಗಲ ಮೇಲೆ ಟವೆಲು. ಸಭೆಯ ಹಿತ್ತಲಲ್ಲಿ ಒಲೆ ಹೂಡಿ, ಬಿಸಿಬೇಳೆಬಾತು, ಆಂಬೊಡೆ, ಕೇಸರಿಬಾತು ಮಾಡಿದರು. ಕುಡಿಯುವ ನೀರನ್ನು ಮನೆಯಿಂದಲೇ ಕ್ಯಾನಿನಲ್ಲಿ ತಂದುಕೊಂಡಿದ್ದರು.

"ನೀವ್ ಕ್ರಿಶ್ಚಿಯನ್ಸು ಮಟನ್ ಗಿಟನ್ ಕೇಳ್ತೀರೇನೋ ಅನ್ಕೊಂಡಿದ್ದೆ ಸಾರ್" ಎಂದರು ಭಟ್ಟರು ಅಪ್ಪನಿಗೆ.

"ಇಲ್ಲ ಇಲ್ಲ ಭಟ್ರೇ. ನಮ್ಮ ಜನಕ್ಕೆ ಶುದ್ಧವಾಗಿ ಇರ್ಬೇಕು ಅಷ್ಟೇ. ನೀವೂ ಊಟಕ್ಕೆ ಕೂತ್ಕೊಳ್ಳಿ ನಮ್ಮ ಜೊತೆ."

"ಅಯ್ಯೋ, ಬೇಡಿ ಸಾರ್. ತಪ್ಪು ತಿಳ್ಕೋಬೇಡಿ. ನಾವು ಆಚೆ ಕಡೆ ತಿನ್ನಲ್ಲ."

"ತಪ್ಪೇನು ಬಂತು? ನಿಮ್ಮ ಆಚಾರ ನಿಮ್ಮದು" ಎಂದು ಅಪ್ಪ ತುಂಬು ಗೌರವದಿಂದ ತಲೆ ಆಡಿಸಿದ. ನಮ್ಮೊಡನೆ ಕೂತು ಉಣ್ಣಲು ಒಲ್ಲದವರ ಕೈಯಡುಗೆಯನ್ನು ಮೇಜಿನ ಮೇಲಿಟ್ಟು, ನಾವೆಲ್ಲ ಒಂದೇ ಮನೆಯವರೆಂದು ಅಪ್ಪ ಅವತ್ತೂ ಪ್ರಾರ್ಥಿಸಿದ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ರಾಹೇಲಮ್ಮನೂ ಸಾಲಿನಲ್ಲಿ ಬಂದು ಊಟ ಮಾಡಿದರು. ಅದನ್ನು ನೋಡಿದ ಜೀವರತ್ನಮ್ಮ, "ಈಗ ನೋಡಿ, ಯಾರಿಗೂ ಬೇಜಾರಿಲ್ಲ" ಎಂದು ಸಮಾಧಾನದ ತೇಗು ಬಿಟ್ಟರು.

ವರ್ಷಗಳು ಉರುಳಿದವು. ನಾನು ಮದುವೆಯಾಗಿ ಜೆ.ಪಿ. ನಗರಕ್ಕೆ ಬಂದೆ. ರಿಂಗ್ ರೋಡಿಗೆ ಫ್ಲೈಓವರು ಬಂತು, ಸಭೆಗೆ ಗ್ರಾನೈಟ್ ನೆಲ ಬಂತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳ ಮೇಲೆ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಅವನನ್ನು ಸೇರಿಸಿದ್ದು ಜಯನಗರದ ನರ್ಸಿಂಗ್ ಹೋಮಿನಲ್ಲಿ, ಅಲ್ಲಿ ರಾಹೇಲಮ್ಮ ಈಗ ಹೆಡ್ ನರ್ಸು. ತಲೆ ಬೆಳ್ಳಗಾಗಿತ್ತು. ಅಪ್ಪನನ್ನು ಅವರೇ ಒರೆಸಿ, ಮಗ್ಗುಲು ಬದಲಾಯಿಸಿ, ಬಟ್ಟೆ ಹಾಕಿ, ಅಜ್ಜಿಯನ್ನು ನೋಡಿಕೊಂಡ ಹಾಗೆಯೇ ನೋಡಿಕೊಂಡರು. ಅಪ್ಪ ಎಡಗೈ ಎತ್ತಿ ಅವರಿಗೆ ನಮಸ್ಕಾರ ಮಾಡುತ್ತಿದ್ದ.

ಒಂದು ಮಧ್ಯಾಹ್ನ ಅಮ್ಮ ಮನೆಗೆ ಹೋಗಿದ್ದಳು. ರಾಹೇಲಮ್ಮ ತಮ್ಮ ಡಬ್ಬಿಯಿಂದ ಬಟ್ಟಲಿಗೆ ಸ್ವಲ್ಪ ರಾಗಿ ಗಂಜಿ ಹಾಕಿಕೊಂಡು ಬಂದು, "ಬೆಳಗ್ಗೆಯಿಂದ ಏನೂ ತಗೊಂಡಿಲ್ಲ ನೀವು. ಬಿಸಿಯಾಗಿದೆ, ನಾನೇ ಮಾಡಿದ್ದು" ಎಂದು ಚಮಚವನ್ನು ಅವನ ಬಾಯಿಯ ಹತ್ತಿರ ತಂದರು.

ಅಪ್ಪನ ತುಟಿ ಬಿಗಿಯಾಯಿತು. ಚಮಚ ಅಲ್ಲೇ ನಿಂತಿತು. ಅವನ ಕಣ್ಣಿನಲ್ಲಿ ನಾಚಿಕೆ ಇತ್ತು, ಮೊರೆಯಿತ್ತು. ಆದರೆ ತುಟಿ ಬಿಡಲಿಲ್ಲ. ಕೊನೆಗೆ ತೊದಲುತ್ತ, ಬಹಳ ಮರ್ಯಾದೆಯಿಂದ ಕೇಳಿದ:

"ಬಾಳೆಹಣ್ಣು... ಇದ್ರೆ... ಕೊಡಮ್ಮಾ."

ರಾಹೇಲಮ್ಮ ಬಟ್ಟಲನ್ನು ಕೆಳಗಿಟ್ಟರು. ಹೊರಗೆ ಹೋಗಿ ಒಂದು ಬಾಳೆಹಣ್ಣು ತಂದು, ತೊಟ್ಟು ಮುರಿಯಲು ಬೆರಳಿಟ್ಟರು.

"ಸುಲೀಬೇಡಮ್ಮ" ಎಂದ ಅಪ್ಪ. "ನಾನೇ..."

ಅವರು ಹಣ್ಣನ್ನು ಅವನ ಎಡಗೈಗೆ ಕೊಟ್ಟು, ತಮ್ಮ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಅಪ್ಪ ಒಂದೇ ಕೈಯಲ್ಲಿ, ಹಲ್ಲಿನಲ್ಲಿ ಕಚ್ಚಿ, ಎದೆಗೆ ಒತ್ತಿ ಸುಲಿಯಲು ನೋಡಿದ. ಹಣ್ಣು ಜಜ್ಜಿಹೋಯಿತು, ಸಿಪ್ಪೆ ಬಿಡಲಿಲ್ಲ. ನನಗೆ ನೋಡಲಾಗಲಿಲ್ಲ, ಕೈ ಚಾಚಿದೆ. "ಇರಿ ಕೃಪಾ" ಎಂದರು ರಾಹೇಲಮ್ಮ ಮೆಲ್ಲಗೆ. "ಅವರೇ ಸುಲ್ಕೋತಾರೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ನನ್ನಲ್ಲಿತ್ತು, ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ನಾನು ಗೋಡೆ ನೋಡುತ್ತ ನಿಂತೆ. ಅಪ್ಪ ಅದನ್ನು ತಿನ್ನಲೇ ಇಲ್ಲ. ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋದ.

ಅದೇ ವಾರ ಅಪ್ಪ ತೀರಿಕೊಂಡ. ಸಮಾಧಿಯ ಹತ್ತಿರ ಅಯ್ಯನವರು ಪ್ರಸಂಗ ಮಾಡಿ, ನಂಬಿದ್ದನ್ನೇ ನಡೆದು ತೋರಿಸಿದ ಅಪರೂಪದ ಮನುಷ್ಯ ಎಂದರು. ಜನ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಅಪ್ಪನಲ್ಲವೇ. ನಂಬಿದ್ದನ್ನೇ ನಡೆದ ಎಂಬ ಮಾತು ನಿಜವೇ ಎಂದು ಈಗಲೂ ಅನ್ನಿಸುತ್ತದೆ. ಅವನು ನಿಜವಾಗಿ ನಂಬಿದ್ದು ಯಾವುದನ್ನು ಎಂಬುದೊಂದೇ ಅಯ್ಯನವರಿಗೆ ಗೊತ್ತಿರಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಸಭೆಯವರೇ ಅಡುಗೆ ಮಾಡಿ ತರುತ್ತಾರೆ. ಮಾರನೆಯ ದಿನ ಬೆಳಗ್ಗೆಯಿಂದ ಹೆಸರು ಕೆತ್ತಿದ ಪಾತ್ರೆಗಳು ಒಂದೊಂದಾಗಿ ಬಂದು ನಮ್ಮ ಊಟದ ಮೇಜಿನ ಮೇಲೆ ಕೂತವು. ಜೀವರತ್ನಮ್ಮನ ಪುಳಿಯೋಗರೆಯೂ ಬಂತು. ಮಧ್ಯಾಹ್ನದ ಹೊತ್ತಿಗೆ ರಾಹೇಲಮ್ಮ ಬಂದರು. ಅವರ ಕೈಯಲ್ಲಿ ಪಾತ್ರೆ ಇರಲಿಲ್ಲ. ಒಂದು ಚಿಪ್ಪು ಬಾಳೆಹಣ್ಣು ಇತ್ತು. ಅದನ್ನು ಪಾತ್ರೆಗಳ ಪಕ್ಕ ಇಟ್ಟು, ಬಂದು ಅಮ್ಮನ ಎದುರು ಕೂತರು.

ಅಮ್ಮ ಅತ್ತು ಅತ್ತು ಬಾಡಿಹೋಗಿದ್ದಳು. ಬಸ್ಸಿನ ಹಳೆಯ ಸಲಿಗೆ ಅವಳಿಗೆ ಆ ಹೊತ್ತಿನಲ್ಲಿ ನೆನಪಾಯಿತೋ ಏನೋ, ಅವರ ಕೈ ಹಿಡಿದುಕೊಂಡಳು.

"ಬರೀ ಹಣ್ಣು ತಂದ್ಯಲ್ಲ ರಾಹೇಲ್. ನೀನೂ ಏನಾದ್ರೂ ಮಾಡ್ಕೊಂಡ್ ಬರಬಾರ್ದಾಗಿತ್ತಾ?"

ಅಮ್ಮ ಅದನ್ನು ಮನಸ್ಸಿನಿಂದಲೇ ಕೇಳಿದಳು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

"ಮಾಡಬಹುದಾಗಿತ್ತು ಅಕ್ಕಾ" ಎಂದರು ರಾಹೇಲಮ್ಮ. "ಪಾತ್ರೆ ಇದೆ. ಮುಚ್ಚಳ ನಿಮ್ಮನೇಲೇ ಉಳ್ಕೊಂಡಿದೆ."

ಅಮ್ಮನ ಕೈ ಸಡಿಲವಾಯಿತು. ಅವಳು ಅಟ್ಟದ ಕಡೆ ನೋಡಲಿಲ್ಲ. ಯಾವ ಮುಚ್ಚಳ ಎಂದೂ ಕೇಳಲಿಲ್ಲ. ರಾಹೇಲಮ್ಮ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಪ್ರಾರ್ಥನೆ ಮಾಡಿ, ಎದ್ದು ಹೋದರು.

ಆಮೇಲೆ ಬಂದವರೆಲ್ಲ ಹಣ್ಣು ಚೆನ್ನಾಗಿದೆ ಎಂದರು. ಸಂಜೆಯ ಹೊತ್ತಿಗೆ ಚಿಪ್ಪಿನಲ್ಲಿ ಒಂದು ಹಣ್ಣೂ ಉಳಿದಿರಲಿಲ್ಲ.